ಬೇಯಿಸಿದ ಭತ್ತ

“ಗುರುಗಳೇ, ಕ್ರಿಸ್ಮಸ್ ಪ್ರತಿ ವರ್ಷ ಬರುತ್ತದೆ. ನಕ್ಷತ್ರ ತೂಗುಹಾಕುತ್ತೇವೆ, ಗೋದಲಿ ಕಟ್ಟುತ್ತೇವೆ, ತಿಂಡಿ ಹಂಚುತ್ತೇವೆ. ನಾಲ್ಕು ದಿನ ಕಳೆದರೆ ನಕ್ಷತ್ರ ಅಟ್ಟಕ್ಕೆ, ನಾವು ನಮ್ಮ ಕೆಲಸಕ್ಕೆ. ಇದರಲ್ಲಿ ಭರವಸೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?”

ಕೇಳಿದವನು ಸಿಪ್ರಿಯಾನ್. ಉಪದೇಶಿಯ ಕೆಲಸ ಕಲಿಯುತ್ತಿದ್ದ ಯುವಕ. ಉಪದೇಶಿ ಎಂದರೆ ಪಾದ್ರಿಗಳು ಬರಲಾಗದ ಸಣ್ಣ ಊರುಗಳಲ್ಲಿ ಪ್ರಾರ್ಥನೆ ನಡೆಸಿ ಧರ್ಮಪಾಠ ಹೇಳುವವನು. ಆ ವರ್ಷ ಹಬ್ಬದ ಪ್ರವಚನ ಮೊದಲ ಬಾರಿಗೆ ಅವನ ಪಾಲಿಗೆ ಬಂದಿತ್ತು. ಹನ್ನೊಂದು ಪುಟ ಬರೆದು ತಂದಿದ್ದ. ಭರವಸೆ ಎಂಬ ಪದ ಪ್ರತಿ ಪುಟದಲ್ಲೂ ಇತ್ತು. ಕೆಲವು ಪುಟಗಳಲ್ಲಿ ಬೇರೇನೂ ಇರಲಿಲ್ಲ.

ಗುರು ಸಾಲ್ವದೋರ್ ನಲವತ್ತು ವರ್ಷ ಉಪದೇಶಿಯಾಗಿದ್ದವರು. ಹನ್ನೊಂದು ಪುಟವನ್ನೂ ಓದಿದರು. ಮಡಚಿ ಹಿಂದಕ್ಕೆ ಕೊಟ್ಟರು.

“ಅಕ್ಷರ ಚೆನ್ನಾಗಿದೆ,” ಎಂದರು.

“ವಿಷಯ, ಗುರುಗಳೇ?”

“ಕುಳಿತುಕೋ ಮಾರಾಯ. ಒಂದು ಕತೆ ಹೇಳುತ್ತೇನೆ.”

ಅವರು ಹೇಳಿದ ಕತೆ ಇದು.

ಕಡಲ ಕಡೆಯ ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಒಳ್ಳೆಯ ದರ್ಜಿ. ಅವನ ಕೈಯ ಬಟ್ಟೆ ಹರಿಯುತ್ತಿತ್ತೇ ಹೊರತು ಹೊಲಿಗೆ ಬಿಚ್ಚುತ್ತಿರಲಿಲ್ಲ. ಅವನಲ್ಲಿದ್ದ ದೋಷ ಒಂದೇ. ಬಟ್ಟೆ ಯಾವಾಗ ಸಿಗುತ್ತದೆ ಎಂದು ಕೇಳಿದರೆ “ನಾಳೆ ಬನ್ನಿ” ಎನ್ನುತ್ತಿದ್ದ. ಮರುದಿನ ಹೋದರೂ ಅದೇ ಉತ್ತರ. ಅವನ ಒಂದು ನಾಳೆ ಕೆಲವೊಮ್ಮೆ ಮೂರು ತಿಂಗಳು ಬಾಳುತ್ತಿತ್ತು. ಆದರೂ ಆ ಬೀದಿಯವರು ಬಟ್ಟೆಯನ್ನು ಅವನಿಗೇ ಕೊಡುತ್ತಿದ್ದರು. ಭರವಸೆಯ ವಿಷಯದಲ್ಲಿ ಅವರಿಗೆ ಒಳ್ಳೆಯ ಅಭ್ಯಾಸವಿತ್ತು.

ದರ್ಜಿಯ ಹೆಂಡತಿ ಪ್ರತಿ ವರ್ಷ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿಗೆ, ಹುಲ್ಲು ಬೆಳೆಸುತ್ತಿದ್ದಳು. ಆ ಕಡೆಯ ಕ್ರೈಸ್ತರ ಮನೆಗಳಲ್ಲಿ ಇದು ರೂಢಿ. ಹಬ್ಬಕ್ಕೆ ಎರಡು ವಾರವಿರುವಾಗ ಭತ್ತವನ್ನು ನೆನೆಸಿ, ಮಣ್ಣು ತುಂಬಿದ ತಟ್ಟೆಯಲ್ಲಿ ಬಿತ್ತಿ, ದಿನವೂ ನೀರು ಚಿಮುಕಿಸುತ್ತಾರೆ. ಹಬ್ಬದ ಹೊತ್ತಿಗೆ ನಾಲ್ಕು ಬೆರಳು ಎತ್ತರದ ಹಸಿರು ಎದ್ದಿರುತ್ತದೆ. ಗೋದಲಿಯೊಳಗೆ ಅದೇ ಬೆತ್ಲೆಹೇಮಿನ ಹೊಲ. ಅದರ ಮೇಲೆ ಮಣ್ಣಿನ ಕುರಿಗಳನ್ನು ನಿಲ್ಲಿಸುತ್ತಾರೆ. ಭತ್ತವನ್ನು ಅವಳು ತವರುಮನೆಯಿಂದ ತರುತ್ತಿದ್ದಳು. ಯಾವ ಭತ್ತ, ಎಷ್ಟು ಹೊತ್ತು ನೆನೆಸಬೇಕು, ಇದೊಂದೂ ದರ್ಜಿಗೆ ಗೊತ್ತಿರಲಿಲ್ಲ. ಅವನು ಕುರಿಗಳನ್ನು ನಿಲ್ಲಿಸುವವನು.

ಒಂದು ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮಕ್ಕಳಿರಲಿಲ್ಲ.

ದರ್ಜಿ ಕೆಲವು ತಿಂಗಳು ಯಂತ್ರದ ಮುಂದೆ ಕುಳಿತ. ಹೊಲಿದದ್ದು ಕಡಿಮೆ. ಕೊನೆಗೆ ಅಂಗಡಿ ಮುಚ್ಚಿ ದೂರದೂರಿನಲ್ಲಿದ್ದ ತಂಗಿಯ ಮನೆಗೆ ಹೋಗಿಬಿಡುವುದೆಂದು ತೀರ್ಮಾನಿಸಿದ. ಯಂತ್ರವನ್ನು ಒಯ್ಯಲು ಒಬ್ಬ ವ್ಯಾಪಾರಿ ಹಬ್ಬದ ಮರುದಿನ ಬರುವುದೆಂದು ನಿಶ್ಚಯವಾಯಿತು. ಈ ವರ್ಷ ಗೋದಲಿ ಇಲ್ಲ ಎಂದೂ ಬೀದಿಯವರಿಗೆ ಹೇಳಿದ. ಗೊಂಬೆಗಳನ್ನು ಇಗರ್ಜಿಗೆ ಕೊಟ್ಟುಬಿಡೋಣವೆಂದು ಪೆಟ್ಟಿಗೆ ತೆರೆದ.

ಪೆಟ್ಟಿಗೆಯ ಮೇಲುಗಡೆ ತಗಡಿನ ತಟ್ಟೆಯಿತ್ತು. ತೊಳೆದು, ಒರೆಸಿ, ಹಳೆಯ ಟವೆಲಿನಲ್ಲಿ ಸುತ್ತಿ ಇಟ್ಟದ್ದು. ಮುಂದಿನ ವರ್ಷಕ್ಕೆ ಬೇಕೆಂದು ಅವಳು ಇಟ್ಟಿದ್ದಳು. ಮುಂದಿನ ವರ್ಷ ಬಂದಿತ್ತು.

ದರ್ಜಿ ಸ್ವಲ್ಪ ಹೊತ್ತು ತಟ್ಟೆಯನ್ನು ನೋಡಿದ. ಹೊರಗೆ ಹೋಗಿ ಅದಕ್ಕೆ ಮಣ್ಣು ತುಂಬಿಸಿ ತಂದ. ಇನ್ನು ಭತ್ತ ಬೇಕು.

ಅಂಗಡಿಯ ಎದುರಿಗೆ ಅಕ್ಕಿ ಗಿರಣಿಯಿತ್ತು. ಅದರ ಅಂಗಳದ ತುಂಬ ಭತ್ತ ಹರವಿತ್ತು. ಭತ್ತ ಬೇಯಿಸುವವ ಅಲ್ಲೇ ನಿಂತಿದ್ದ.

“ಒಂದು ಹಿಡಿ ಭತ್ತ ಕೊಡುತ್ತೀಯಾ?” ಎಂದು ದರ್ಜಿ ಕೇಳಿದ.

“ಒಂದು ಹಿಡಿ ಯಾಕೆ, ಒಂದು ಸೇರು ತೆಗೆದುಕೊಂಡು ಹೋಗಿ,” ಎಂದ ಅವನು. ದರ್ಜಿ ಕೋಳಿ ಸಾಕಿರಬೇಕೆಂದು ತಿಳಿದಿದ್ದ.

ಆ ಕಡೆಯ ಜನ ಉಣ್ಣುವುದು ಕುಚ್ಚಲಕ್ಕಿ. ಅದಕ್ಕಾಗಿ ಭತ್ತವನ್ನು ಮೊದಲು ಹಂಡೆಯಲ್ಲಿ ಬೇಯಿಸಿ, ಆಮೇಲೆ ಬಿಸಿಲಿಗೆ ಹರವಿ, ಒಣಗಿದ ಮೇಲೆ ಗಿರಣಿಗೆ ಹಾಕುತ್ತಾರೆ. ಅಂಗಳದಲ್ಲಿದ್ದದ್ದು ಹಾಗೆ ಬೇಯಿಸಿದ ಭತ್ತ. ನೋಡಲು ಬೀಜದ ಭತ್ತದ ಹಾಗೆಯೇ ಇರುತ್ತದೆ. ಅನ್ನ ಮಾಡಬಹುದು, ಕೋಳಿಗೆ ಹಾಕಬಹುದು. ಬಿತ್ತಿದರೆ ಮಾತ್ರ ಏನೂ ಆಗುವುದಿಲ್ಲ. ಗದ್ದೆಯಲ್ಲಿ ಒಂದು ದಿನ ಕೆಲಸ ಮಾಡಿದವರಿಗೂ ಇದು ಗೊತ್ತು. ದರ್ಜಿ ಗದ್ದೆಯಲ್ಲಿ ಒಂದು ದಿನವೂ ಕೆಲಸ ಮಾಡಿರಲಿಲ್ಲ.

ಅವನು ಅದನ್ನು ನೆನೆಸಿ ಬಿತ್ತಿದ. ತಟ್ಟೆಯನ್ನು ಅಂಗಡಿಯ ಕಿಟಕಿಯ ಹೊರಹಲಗೆಯ ಮೇಲೆ ಇಟ್ಟು ನೀರು ಚಿಮುಕಿಸಿದ.

ಆ ಹೊತ್ತಿಗೆ ಮೀನು ಮಾರುವವಳು ಬುಟ್ಟಿ ಹೊತ್ತು ಬಂದಳು.

“ಗೋದಲಿ ಇಲ್ಲ ಎಂದಿರಿ. ಇದು ಎಂತದ್ದು ದರ್ಜಿಗಳೇ?”

“ಮೊಳೆತರೆ ಗೋದಲಿ ಕಟ್ಟುತ್ತೇನೆ.”

“ಮೊಳೆಯದಿದ್ದರೆ?”

“ವ್ಯಾಪಾರಿ ಬರುತ್ತಾನಲ್ಲ. ಯಂತ್ರ ಕೊಟ್ಟು ಹೊರಡುತ್ತೇನೆ.”

“ಮೊಳೆತರೆ ಹೊರಡುವುದಿಲ್ಲವೋ?”

ದರ್ಜಿ ಅಷ್ಟು ದೂರ ಯೋಚಿಸಿರಲಿಲ್ಲ. “ಮೊಳೆಯಲಿ, ನೋಡೋಣ,” ಎಂದ.

ಅವಳ ಬುಟ್ಟಿಯ ಮೀನು ಮುಗಿಯುವ ಮೊದಲೇ ಇಡೀ ಬೀದಿಗೆ ಈ ಸುದ್ದಿ ಮುಟ್ಟಿತ್ತು.

ಅದೇ ಬೀದಿಯಲ್ಲಿ ಒಬ್ಬ ತಿಳಿದವನಿದ್ದ. ಓದಿದವನು, ಸ್ವಂತ ಗದ್ದೆಯಿದ್ದವನು. ಊರಿನಲ್ಲಿ ಯಾರು ಏನು ತಪ್ಪು ಮಾಡಿದರೂ ಅದು ಅವನಿಗೆ ಮೊದಲು ಕಾಣುತ್ತಿತ್ತು. ಹಬ್ಬಕ್ಕೆ ಹನ್ನೆರಡು ದಿನವಿರುವಾಗ ಅವನು ಹೊಲಿಯಲು ಕೊಟ್ಟಿದ್ದ ಪ್ಯಾಂಟು ಕೇಳಲು ಬಂದ. ಕಿಟಕಿಯ ಬಳಿ ನಿಂತ. ತಟ್ಟೆಯಿಂದ ಒಂದು ಕಾಳು ಎತ್ತಿ ಉಗುರಿನಿಂದ ಒತ್ತಿ ನೋಡಿದ.

“ದರ್ಜಿಗಳೇ, ಇದು ಬೇಯಿಸಿದ ಭತ್ತ. ಮೊಳೆಯುವುದಿಲ್ಲ.”

ದರ್ಜಿ ಕತ್ತರಿ ಕೆಳಗಿಟ್ಟ. “ಹಬ್ಬಕ್ಕೆ ಇನ್ನೂ ಹನ್ನೆರಡು ದಿನ ಇದೆ.”

“ಹನ್ನೆರಡು ವರ್ಷ ಇದ್ದರೂ ಮೊಳೆಯುವುದಿಲ್ಲ. ಇದರ ಜೀವ ಹಂಡೆಯಲ್ಲೇ ಹೋಗಿದೆ.”

ದರ್ಜಿ ತಂಬಿಗೆ ಎತ್ತಿಕೊಂಡು ಹೋಗಿ ತಟ್ಟೆಗೆ ನೀರು ಚಿಮುಕಿಸಿದ.

“ಹೇಳಿದ್ದು ಕೇಳಿಸಿತೋ?”

“ಕೇಳಿಸಿತು. ನೀರು ಹಾಕದೆ ಮೊಳೆಯದಿದ್ದರೆ ಅದು ನನ್ನ ತಪ್ಪು. ಹಾಕಿಯೂ ಮೊಳೆಯದಿದ್ದರೆ ಅದು ಭತ್ತಕ್ಕೆ ಬಿಟ್ಟ ವಿಷಯ. ನಿಮ್ಮ ಪ್ಯಾಂಟಿಗೆ ನಾಳೆ ಬನ್ನಿ.”

ತಿಳಿದವನು ಮನೆಗೆ ಹೋದ. ಸತ್ಯ ಹೇಳುವುದು ಕರ್ತವ್ಯ, ಅದು ಮುಗಿದಿತ್ತು. ಆ ದಿನ ಅವನು ಚೆನ್ನಾಗಿ ಊಟ ಮಾಡಿದ.

ಅವನ ಮಾತು ಎದುರಿನ ಗಿರಣಿಯ ಅಂಗಳಕ್ಕೂ ಕೇಳಿಸಿತ್ತು. ಭತ್ತ ಬೇಯಿಸುವವನಿಗೆ ಆಗಲೇ ಗೊತ್ತಾದದ್ದು, ತಾನು ಕೊಟ್ಟದ್ದು ಕೋಳಿಗಲ್ಲ ಎಂದು. ಹೋಗಿ ಹೇಳಿಬಿಡಬಹುದಿತ್ತು. ಆದರೆ ಹೇಳಬೇಕಾದದ್ದನ್ನು ಇನ್ನೊಬ್ಬರು ಈಗಾಗಲೇ ಹೇಳಿಯಾಗಿತ್ತು, ಏನೂ ಉಪಯೋಗವಾಗಿರಲಿಲ್ಲ. ಮರುದಿನ ದರ್ಜಿ ಪೂಜೆಗೆಂದು ಇಗರ್ಜಿಗೆ ಹೋಗಿದ್ದಾಗ ಅವನು ಬೀದಿ ದಾಟಿದ. ಜೇಬಿನಲ್ಲಿ ನೆನೆಸಿದ ಬೀಜದ ಭತ್ತವಿತ್ತು. ತಟ್ಟೆಯ ಒಂದು ಮೂಲೆಯಲ್ಲಿ ಅದನ್ನು ಬಿತ್ತಿ, ಏನೂ ತಿಳಿಯದವನ ಹಾಗೆ ಹಿಂದಿರುಗಿ ಬಂದು ಹಂಡೆಗೆ ಬೆಂಕಿ ಹಾಕಿದ. ಇಡೀ ತಟ್ಟೆಗೆ ಬಿತ್ತಲು ಧೈರ್ಯ ಸಾಲಲಿಲ್ಲ.

ಮೀನು ಮಾರುವವಳಿಗೆ ಇದು ತಿಳಿಯದು. ಅವಳು ದಿನವೂ ಆ ದಾರಿಯಲ್ಲಿ ಬರುವವಳು, ದಿನವೂ ಬರಿಯ ಮಣ್ಣು ನೋಡುವವಳು. ಹಬ್ಬಕ್ಕೆ ಎಂಟು ದಿನವಿತ್ತು. ದರ್ಜಿ ಒಳಗೆ ಯಾರದೋ ಅಳತೆ ತೆಗೆಯುತ್ತಿದ್ದ. ಅವಳು ಬುಟ್ಟಿಯನ್ನು ಹಲಗೆಯ ಮೇಲಿಟ್ಟು, ಸೆರಗಿನ ಗಂಟು ಬಿಚ್ಚಿ, ಮೊಳಕೆ ಒಡೆದ ಭತ್ತವನ್ನು ತಟ್ಟೆಯ ನಡುವೆ ಒತ್ತಿದಳು. ಆಮೇಲೆ ಒಳಗೆ ಇಣುಕಿ, “ಇವತ್ತು ಬಂಗುಡೆ ಚೆನ್ನಾಗಿದೆ, ಬೇಕೋ? ನೀರು ಹಾಕುತ್ತ ಕುಳಿತರೆ ಹೊಟ್ಟೆ ತುಂಬುವುದಿಲ್ಲ,” ಎಂದು ಗದರಿಸಿ ಹೋದಳು.

ಮೂರನೆಯವಳು ಪಕ್ಕದ ಮನೆಯವಳು. ಅವಳ ಉದ್ದೇಶ ಅಷ್ಟು ಶುದ್ಧವಾಗಿರಲಿಲ್ಲ. ಸೆಪ್ಟೆಂಬರಿನ ತೆನೆಹಬ್ಬಕ್ಕೆಂದು ಅವಳು ಹೊಲಿಯಲು ಕೊಟ್ಟ ರವಿಕೆ ಇನ್ನೂ ಒಂದೇ ತೋಳಿನಲ್ಲಿತ್ತು. ದರ್ಜಿ ಊರು ಬಿಟ್ಟರೆ ಅದು ಒಂದೇ ತೋಳಿನಲ್ಲಿ ಉಳಿಯುವುದು ಖಚಿತ. ಅವಳು ಆ ವಾರ ರವಿಕೆ ಕೇಳಲು ಮೂರು ಸಲ ಬಂದಳು. ಮೂರನೆಯ ಸಲ ಕಿಟಕಿಗೆ ಬೆನ್ನು ಕೊಟ್ಟು ನಿಂತು, ಕೈ ಹಿಂದೆ ಮಾಡಿಕೊಂಡು, ತಟ್ಟೆಯ ಅಂಚಿಗೆ ಒಂದು ಹಿಡಿ ಮೊಳಕೆ ಸುರಿದಳು. ದೇವರು ಶುದ್ಧ ಉದ್ದೇಶದವರಿಗಾಗಿಯೇ ಕಾದಿದ್ದರೆ ಈ ಲೋಕದಲ್ಲಿ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ತಾನು ಮೋಸ ಮಾಡುತ್ತಿದ್ದೇನೆ ಎಂದು ಮೂವರಿಗೂ ಸ್ವಲ್ಪ ಅಳುಕಿತ್ತು.

ಹಬ್ಬಕ್ಕೆ ಏಳು ದಿನವಿರುವಾಗ ತಟ್ಟೆಯ ಮೂಲೆಯಲ್ಲಿ ಹಸಿರು ಕಾಣಿಸಿಕೊಂಡಿತು.

ಇಲ್ಲಿಗೆ ಬಂದಾಗ ಸಿಪ್ರಿಯಾನ್ ಪೆನ್ಸಿಲ್ ತೆಗೆದು ಹನ್ನೊಂದನೆಯ ಪುಟದ ಹಿಂದೆ ಏನೋ ಬರೆಯಹೊರಟ.

“ಏನು ಬರೆಯುತ್ತೀ?” ಎಂದರು ಗುರುಗಳು.

“ಪವಾಡ, ಎಂದು.”

“ಪವಾಡ ಇನ್ನೂ ಬಂದಿಲ್ಲ. ಪೆನ್ಸಿಲ್ ಕೆಳಗಿಡು.”

ಕತೆ ಮುಂದುವರಿಯಿತು.

ಹಸಿರು ಕಂಡ ದಿನ ದರ್ಜಿ ಬೀದಿಯವರನ್ನೆಲ್ಲ ಕರೆದು ತೋರಿಸಿದ. ಭತ್ತ ಬೇಯಿಸುವವ ಬಂದು ಬಹಳ ಆಶ್ಚರ್ಯಪಟ್ಟ. ಮೀನು ಮಾರುವವಳು ಮೂಲೆಯನ್ನು ನೋಡಿ ನಿಜವಾಗಿಯೂ ಆಶ್ಚರ್ಯಪಟ್ಟಳು, ಏಕೆಂದರೆ ಅವಳು ಹಾಕಿದ್ದು ನಡುವೆ. ತಿಳಿದವನೂ ಬಂದ. ಕನ್ನಡಕ ಒರೆಸಿಕೊಂಡು ನೋಡಿದ. “ಬೇಯಿಸಿದ ಭತ್ತ ಮೊಳೆಯುವುದಿಲ್ಲ,” ಎಂದು ಇನ್ನೊಮ್ಮೆ ಹೇಳಿದ. ಈ ಸಲ ಅವನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಮನೆಗೆ ಹೋದ.

ಮೂರು ದಿನ ಕಳೆದ ಮೇಲೆ ನಡುವೆಯೂ ಹಸಿರು ಬಂತು. ಇನ್ನೆರಡು ದಿನಕ್ಕೆ ಅಂಚಿನಲ್ಲೂ ಬಂತು. ಆಗ ದರ್ಜಿ ಒಬ್ಬನೇ ತಟ್ಟೆಯ ಮುಂದೆ ಕುಳಿತು ಅದನ್ನು ನೋಡಿದ.

ದರ್ಜಿಯ ಕಣ್ಣು ಅಳತೆಯ ಕಣ್ಣು. ಬಟ್ಟೆಯ ಅಂಚು ಒಂದು ನೂಲೆಳೆಯಷ್ಟು ಏರಿಳಿದರೂ ಅವನಿಗೆ ಕಾಣುತ್ತಿತ್ತು. ಈ ಹುಲ್ಲು ಮೂರು ಎತ್ತರದಲ್ಲಿತ್ತು. ಮೂಲೆಯದು ನಾಲ್ಕು ಬೆರಳು, ನಡುವಿನದು ಎರಡು, ಅಂಚಿನದು ಆಗಷ್ಟೇ ತಲೆಯೆತ್ತಿದ್ದು. ಒಂದೇ ದಿನ ಬಿತ್ತಿದ್ದು ಹೀಗೆ ಬರುವುದಿಲ್ಲವೆಂದು ತಿಳಿಯಲು ಗದ್ದೆ ಬೇಕಿಲ್ಲ. ಮೂಲೆಯ ಸಾಲು ನೇರವಾಗಿತ್ತು. ಅಂಗಳದಲ್ಲಿ ಭತ್ತ ಹರವಿ ಅಭ್ಯಾಸವಾದ ಕೈ ಅದು. ನಡುವಿನ ಹುಲ್ಲಿನ ಬುಡದಲ್ಲಿ ಬಂಗುಡೆ ಮೀನಿನ ಒಂದು ಹುರುಪೆ ಹೊಳೆಯುತ್ತಿತ್ತು. ಅಂಚಿನದು ಬೆನ್ನ ಹಿಂದಿನಿಂದ ಸುರಿದ ಹಾಗೆ ಗುಪ್ಪೆಯಾಗಿತ್ತು. ಆ ವಾರ ಕಿಟಕಿಗೆ ಬೆನ್ನು ಕೊಟ್ಟು ನಿಂತವಳು ಒಬ್ಬಳೇ.

ಉಳಿದ ಜಾಗ ಬೋಳಾಗಿತ್ತು. ದರ್ಜಿ ಅಲ್ಲಿಂದ ತಾನು ಬಿತ್ತಿದ ಒಂದು ಕಾಳು ಕಿತ್ತು ನೋಡಿದ. ಉಬ್ಬಿ, ಕೊಳೆತು, ಮೆತ್ತಗಾಗಿತ್ತು. ತಿಳಿದವನು ಹೇಳಿದ್ದು ಸರಿಯಾಗಿಯೇ ಇತ್ತು.

ಅವನು ಕಾಳನ್ನು ಮತ್ತೆ ಮಣ್ಣಿಗೆ ಒತ್ತಿದ. ಅದಕ್ಕೂ ಸ್ವಲ್ಪ ನೀರು ಚಿಮುಕಿಸಿದ. ಯಾರಿಗೂ ಏನೂ ಹೇಳಲಿಲ್ಲ. ಅಂಗಡಿಯೊಳಗೆ ಹೋಗಿ ಯಂತ್ರಕ್ಕೆ ಎಣ್ಣೆ ಬಿಟ್ಟ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅವನು ಪಕ್ಕದ ಮನೆಗೆ ಹೋಗಿ ರವಿಕೆ ಕೊಟ್ಟ. ಎರಡು ತೋಳಿತ್ತು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಆರೋಗ್ಯ ಸರಿಯಿದೆಯಷ್ಟೆ?” ಎಂದು ಕೇಳಿದಳು. ಮಧ್ಯಾಹ್ನದೊಳಗೆ ಇನ್ನೂ ಏಳು ಮನೆಗೆ ಬಟ್ಟೆ ತಲುಪಿತು. ತಿಳಿದವನ ಪ್ಯಾಂಟೂ ತಲುಪಿತು, ಗುಂಡಿ ಸಹಿತ. ಬೀದಿಯ ಜನ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಆ ಊರಿನವರು ಇಂದಿಗೂ ಪವಾಡ ಎನ್ನುವುದು ಇದಕ್ಕೆ. ಹುಲ್ಲಿನ ಬಗ್ಗೆ ಅವರಿಗೆ ಅಷ್ಟು ನೆನಪಿಲ್ಲ.

ಸಂಜೆ ದರ್ಜಿ ಗೋದಲಿ ಕಟ್ಟಿದ. ತಟ್ಟೆಯನ್ನು ಒಳಗಿಟ್ಟು ಕುರಿಗಳನ್ನು ನಿಲ್ಲಿಸಿದ. ದೊಡ್ಡ ಕುರಿ ಎತ್ತರದ ಹುಲ್ಲಿಗೆ, ಮರಿ ಚಿಕ್ಕದಕ್ಕೆ. ಬಾಲಯೇಸುವನ್ನು ಮಲಗಿಸಲು ಮಾತ್ರ ಹಸಿರಿನಲ್ಲಿ ಜಾಗ ಹುಡುಕಲಿಲ್ಲ. ತಾನು ಬಿತ್ತಿದ ಭತ್ತ ಕೊಳೆತಿದ್ದ ಬೋಳು ಜಾಗದಲ್ಲಿ ಮಲಗಿಸಿದ.

“ಮಗುವನ್ನು ಬರಿಯ ಮಣ್ಣಿನಲ್ಲಿ ಯಾಕೆ ಮಲಗಿಸಿದಿರಿ?” ಎಂದು ಮೀನು ಮಾರುವವಳು ಕೇಳಿದಳು.

“ಅಲ್ಲಿ ನೆಲ ಸಮನಾಗಿದೆ. ಗೊಂಬೆ ಅಲುಗಾಡುವುದಿಲ್ಲ,” ಎಂದ ದರ್ಜಿ.

ಅವಳಿಗೆ ಆ ಉತ್ತರ ಸಾಕಾಯಿತು. ದರ್ಜಿಗೂ ಸಾಕಾಗಿತ್ತು. ಭತ್ತ ಬೇಯಿಸುವವ ಬೆಲ್ಲದ ಚಹಾ ತಂದ. ಪಕ್ಕದ ಮನೆಯವಳು ಹೊಸ ರವಿಕೆ ತೊಟ್ಟು, ಒಂದು ತಟ್ಟೆ ಚಕ್ಕುಲಿ ತಂದಳು. ನಾಲ್ವರೂ ಗೋದಲಿಯ ಮುಂದೆ ಕುಳಿತು ತಿಂದರು. ಹುಲ್ಲಿನ ವಿಷಯ ಯಾರೂ ಎತ್ತಲಿಲ್ಲ. ಎತ್ತದಿರಲು ಪ್ರತಿಯೊಬ್ಬರಿಗೂ ತಮ್ಮದೇ ಕಾರಣವಿತ್ತು.

ಹಬ್ಬದ ಮರುದಿನ ವ್ಯಾಪಾರಿ ಗಾಡಿ ತಂದ. ಅಂಗಡಿಯ ಮುಂದೆ ನಿಲ್ಲಿಸಿ, “ಯಂತ್ರ ಎತ್ತಿಕೊಳ್ಳಲೇ?” ಎಂದು ಕೇಳಿದ.

ದರ್ಜಿ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ.

“ನಾಳೆ ಬನ್ನಿ,” ಎಂದ.

ವ್ಯಾಪಾರಿ ಬೇರೆ ಊರಿನವನು, ನಂಬಿ ಹೋದ. ಬೀದಿಯವರು ಆ ಮಾತು ಕೇಳಿ ನೆಮ್ಮದಿಯಿಂದ ತಮ್ಮ ತಮ್ಮ ಕೆಲಸಕ್ಕೆ ಹೊರಟರು. ದರ್ಜಿಯ ನಾಳೆ ಎಷ್ಟು ಉದ್ದ ಎಂಬುದು ಅವರಿಗೆ ಗೊತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಸಿಪ್ರಿಯಾನ್ ಇನ್ನೂ ಇದೆ ಎಂದು ಕಾದ. ಇರಲಿಲ್ಲ.

“ಚೆನ್ನಾಗಿದೆ ಗುರುಗಳೇ,” ಎಂದ ಅವನು. “ಆದರೆ ಆ ತಿಳಿದವನ ಕತೆ ಏನಾಯಿತು? ಅವನನ್ನು ಗೋದಲಿಯ ಮುಂದೆ ಯಾರೂ ಕರೆಯಲಿಲ್ಲವೇ?”

“ಬಾಗಿಲು ತೆರೆದಿತ್ತು. ಅವನು ಬರಲಿಲ್ಲ. ಇದು ಹೊಸದಲ್ಲ. ಮೂಡಣ ದೇಶದ ಜ್ಞಾನಿಗಳು ನಕ್ಷತ್ರ ಹಿಂಬಾಲಿಸಿ ಬಂದು, ಮಗು ಎಲ್ಲಿ ಹುಟ್ಟುತ್ತದೆ ಎಂದು ಅರಮನೆಯಲ್ಲಿ ವಿಚಾರಿಸಿದಾಗ ಅಲ್ಲಿನ ಪಂಡಿತರು ಊರಿನ ಹೆಸರನ್ನು ಸರಿಯಾಗಿಯೇ ಹೇಳಿದರು. ಎರಡು ತಾಸಿನ ನಡಿಗೆ. ಹೇಳಿದವರಲ್ಲಿ ಒಬ್ಬರೂ ಹೋಗಲಿಲ್ಲ.”

ಸಿಪ್ರಿಯಾನನಿಗೆ ಇದು ಅನ್ಯಾಯ ಎನಿಸಿತು. ಅವನಿಗೂ ಓದಿದವರ ಮೇಲೆ ಗೌರವವಿತ್ತು. ಕೈಯಲ್ಲಿ ಹನ್ನೊಂದು ಪುಟಗಳಿದ್ದವು.

“ಆದರೂ ಅವನದೇನು ತಪ್ಪು, ಗುರುಗಳೇ? ಅವನೊಬ್ಬನೇ ನಿಜ ಹೇಳಿದವನು. ಮಿಕ್ಕವರೆಲ್ಲ ಕದ್ದುಮುಚ್ಚಿ ಕೆಲಸ ಮಾಡಿದರು. ಬೇಯಿಸಿದ ಭತ್ತ ಮೊಳೆಯುವುದಿಲ್ಲ ಎಂದದ್ದು ಸುಳ್ಳೇ?”

“ಸುಳ್ಳಲ್ಲ,” ಎಂದರು ಗುರು ಸಾಲ್ವದೋರ್. “ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಮತ್ತು ಆ ದಿನ ನನ್ನ ಮನೆಯ ಅಟ್ಟದಲ್ಲಿ ಒಂದು ಮುಡಿ ಬೀಜದ ಭತ್ತವಿತ್ತು.”